ರಕ್ತ ಬೇಡದ ದೆವ್ವಗಳು

ಐರೋಲಿಯಲ್ಲಿ ಬಾಡಿಗೆ ಫ್ಲಾಟ್ ನೋಡುವಾಗ ಬ್ರೋಕರ್‌ಗೆ ನಾನು ಕೇಳಿದ್ದು ಎರಡೇ: ಡಿಪಾಸಿಟ್ ಎಷ್ಟು, ನೀರು ಎಷ್ಟು ಹೊತ್ತು. ಹಿಂದೆ ಯಾರಿದ್ರು ಅಂತ ಕೇಳಲೇ ಇಲ್ಲ.

ರಾಮ್ ಗೋಪಾಲ್ ವರ್ಮಾ ಅವರ 'ಭೂತ್' (2003) ಶುರುವಾಗೋದೇ ಅಲ್ಲಿಂದ. ಮುಂಬೈನ ಬಹುಮಹಡಿ ಕಟ್ಟಡದ ಆ ಫ್ಲಾಟ್‌ನಲ್ಲಿ ಸಾವಾಗಿದೆ ಅಂತ ಅಜಯ್ ದೇವಗನ್‌ಗೆ ಗೊತ್ತು, ಹೆಂಡತಿ ಊರ್ಮಿಳಾಗೆ ಹೇಳಲ್ಲ. ಹಾಡಿಲ್ಲ. ಲಿಫ್ಟು, ಕತ್ತಲ ಹಾಲ್, ಸದ್ದು, ಅಷ್ಟೇ ಸಾಕು. ಅಲ್ಲಿರೋದು ಮಗುವಿನ ಜೊತೆ ಪ್ರಾಣ ಬಿಟ್ಟ ಒಬ್ಬ ತಾಯಿ.

ಇದೇ ತಾಯಿಯ ಸಂಕಟ ಸ್ಪ್ಯಾನಿಷ್ 'ಎಲ್ ಓರ್ಫನಾತೊ'ದಲ್ಲಿ (2007) ಇನ್ನೂ ಆಳ. ಬಯೋನಾ ಅವರ ಮೊದಲ ಚಿತ್ರ ಅದು. ಲಾರಾ ತಾನು ಬೆಳೆದ ಅನಾಥಾಲಯಕ್ಕೆ ಮರಳ್ತಾಳೆ, ದತ್ತುಮಗ ಸಿಮೋನ್ ಕಾಣೆಯಾಗ್ತಾನೆ. ಕೊನೆಗೆ ಅವಳು ಗೋಡೆಗೆ ಮುಖ ಮಾಡಿ, ಚಿಕ್ಕಂದಿನ ಆಟದ ಹಾಗೆ ಎಣಿಸಿ, ಸತ್ತ ಮಕ್ಕಳನ್ನೇ ಆಟಕ್ಕೆ ಕರೀತಾಳೆ. ಎಣಿಸಿ ತಿರುಗಿದಷ್ಟೂ ಅವರು ಹತ್ತಿರ. ನಮಗೋ 'ಓಡು' ಅನ್ನಿಸಲ್ಲ, 'ಮಗ ಸಿಗಲಪ್ಪಾ' ಅನ್ನಿಸುತ್ತೆ! ಅದಕ್ಕೇ ಹೆಚ್ಚು ಭಯ.

ಒಬ್ಬನೇ ನೋಡಿ ಮುಗಿಸಿದಾಗ ರಾತ್ರಿ ಒಂದೂವರೆ. ದಾವಣಗೆರೆಗೆ ಫೋನ್ ಮಾಡಿದೆ. ಅಮ್ಮ ಮೊದಲ ರಿಂಗಿಗೇ ಎತ್ತಿದ್ರು.