ಪೆರು ದೇಶ: ಮೂರು ಸೀಮೆಗಳ ಪರಿಚಯ

ಶ್ರಾದ್ಧದ ಅಡಿಗೆಯಲ್ಲಿ ಆಲೂಗಡ್ಡೆಯನ್ನೂ ಮೆಣಸಿನಕಾಯಿಯನ್ನೂ ಏಕೆ ಬಳಸುವುದಿಲ್ಲವೆಂಬ ಪ್ರಶ್ನೆಯು ಅನೇಕ ಮನೆಗಳಲ್ಲಿ ಏಳುವುದುಂಟು. ಸಂಪ್ರದಾಯವೆಂದು ಹೇಳಿ ಹಿರಿಯರು ಸುಮ್ಮನಾಗುವರು. ಹಳೆಯ ಸಂಸ್ಕೃತ ಗ್ರಂಥಗಳಲ್ಲಿ ಬರುವ ‘ಮರೀಚ’ವು ನಮ್ಮ ಕರಿಮೆಣಸೇ ಹೊರತು ಮೆಣಸಿನಕಾಯಿಯಲ್ಲ; ‘ಆಲುಕ’ವೆಂಬ ಶಬ್ದವಿದ್ದರೂ ಅದು ಬೇರೆ ಗೆಡ್ಡೆಗಳಿಗೆ ಸಲ್ಲುವುದು. ಈ ಎರಡು ಪದಾರ್ಥಗಳೂ ಅಮೆರಿಕಾ ಖಂಡದಿಂದ ಸಮುದ್ರಮಾರ್ಗವಾಗಿ ಬಂದವು. ಅವು ನಮ್ಮ ಮನೆ ಸೇರಿ ಶತಮಾನಗಳೇ ಕಳೆದರೂ ತಿಥಿಯ ಅಡಿಗೆಮನೆಯು ಅವನ್ನು ಇನ್ನೂ ಅತಿಥಿಗಳೆಂದೇ ಎಣಿಸುತ್ತಿರುವುದು. ಈ ಅತಿಥಿಗಳಲ್ಲಿ ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕಾದ ಪೆರು ದೇಶದ ಪರ್ವತಸೀಮೆ.

ಕಳೆದ ಚೈತ್ರದಲ್ಲಿ ನಮ್ಮ ತಮ್ಮನ ಮಗನು ಉದ್ಯೋಗನಿಮಿತ್ತವಾಗಿ ಆ ದೇಶಕ್ಕೆ ಹೊರಟು ನಿಂತನು. “ದೊಡ್ಡಪ್ಪ, ನೀವು ಭೂಗೋಳ ಕಲಿಸಿದವರು. ಅಲ್ಲಿಯ ವಿಷಯವನ್ನು ಒಂದಿಷ್ಟು ಬರೆದುಕೊಡಿ” ಎಂದು ಕೇಳಿದನು. ನಾವು ಮೂವತ್ತು ವರ್ಷ ಪಾಠ ಹೇಳಿದವರೇ ಹೊರತು ಆ ದೇಶವನ್ನು ಕಣ್ಣಾರೆ ಕಂಡವರಲ್ಲ. ಬರೆಯಲು ಕುಳಿತು ಗ್ರಂಥಗಳನ್ನು ತಿರುವಿದಾಗ, ನಾವು ತರಗತಿಯಲ್ಲಿ ಹೇಳುತ್ತಿದ್ದ ಮಾತೊಂದು ತಪ್ಪೆಂದು ತಿಳಿದುಬಂದಿತು. ಅದನ್ನು ಮುಂದೆ ಹೇಳುವೆವು.

ಪೆರು ದೇಶವು ವಿಸ್ತಾರದಲ್ಲಿ ಕರ್ನಾಟಕದ ಆರೂವರೆ ಪಾಲಿಗೂ ಮಿಕ್ಕುದು. ಜನಸಂಖ್ಯೆ ಮಾತ್ರ ಮೂರೂವರೆ ಕೋಟಿಯೊಳಗೆ. ನಮ್ಮ ನಾಡಿಗೆ ಕರಾವಳಿ, ಮಲೆನಾಡು, ಬಯಲುಸೀಮೆಗಳಿರುವಂತೆ ಅಲ್ಲಿಯೂ ಮೂರು ಸೀಮೆಗಳಿವೆ: ಕರಾವಳಿ, ಪರ್ವತಸೀಮೆ, ಮಹಾರಣ್ಯ. ಆದರೆ ಕರಾವಳಿಯೆಂದೊಡನೆ ತೆಂಗಿನ ತೋಟವನ್ನೂ ಜಡಿಮಳೆಯನ್ನೂ ನೆನೆಯುವ ನಮಗೆ ಅಲ್ಲಿಯ ಕರಾವಳಿಯು ಆಶ್ಚರ್ಯವನ್ನುಂಟುಮಾಡುವುದು. ಅದು ಮರುಭೂಮಿ. ದಕ್ಷಿಣದಿಂದ ಹರಿದುಬರುವ ಹಂಬೋಲ್ಟ್ ಎಂಬ ಶೀತಪ್ರವಾಹವು ಸಮುದ್ರದ ಮೇಲಣ ಗಾಳಿಯನ್ನು ತಣಿಸುವುದರಿಂದ ಮಂಜು ಕವಿಯುವುದೇ ಹೊರತು ಮಳೆಯಾಗದು. 1535ರಲ್ಲಿ ಸ್ಪೇನಿನವರು ಸ್ಥಾಪಿಸಿದ ರಾಜಧಾನಿ ಲೀಮಾ ನಗರದಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಸೂರ್ಯದರ್ಶನವೇ ಅಪರೂಪ. ಆದರೂ ಕೊಡೆಯ ಅಗತ್ಯವಿಲ್ಲ. ಬೆಟ್ಟಗಳಿಂದಿಳಿದು ಬರುವ ನದಿಗಳೇ ಇಲ್ಲಿಯ ಊರುಗಳಿಗೆ ಜೀವಾಧಾರ.

ಕೆಲವು ವರ್ಷಗಳಲ್ಲಿ ಈ ಕಡಲು ಅಕಾಲದಲ್ಲಿ ಬಿಸಿಯಾಗುವುದು. ಕ್ರಿಸ್ತಜಯಂತಿಯ ಹೊತ್ತಿಗೆ ಬರುವ ಈ ಬೆಚ್ಚನೆಯ ನೀರಿಗೆ ಅಲ್ಲಿಯ ಬೆಸ್ತರು ಶಿಶುಕ್ರಿಸ್ತನೆಂಬರ್ಥದ ‘ಎಲ್ ನೀನ್ಯೋ’ ಎಂಬ ಹೆಸರನ್ನಿಟ್ಟರು. ಅಲ್ಲಿ ಅದು ಪ್ರವಾಹವನ್ನು ತರುವುದು; ಇಲ್ಲಿ ನಮ್ಮ ಮುಂಗಾರನ್ನು ಕುಂಠಿಸುವುದುಂಟು. ಬೆಸ್ತರಿಟ್ಟ ಆ ಹೆಸರನ್ನು ಇಂದು ನಮ್ಮ ರೈತರೂ ಮಳೆಯ ವಾರ್ತೆಯಲ್ಲಿ ಕೇಳುತ್ತಿರುವರು.

ಕರಾವಳಿಯಿಂದ ಪೂರ್ವಕ್ಕೆ ಆಂಡೀಸ್ ಪರ್ವತಗಳು ಗೋಡೆಯಂತೆ ನಿಂತಿವೆ. ಇಂಕಾ ಅರಸರ ರಾಜಧಾನಿಯಾಗಿದ್ದ ಕುಸ್ಕೋ ನಗರವು 11,000 ಅಡಿಗೂ ಎತ್ತರದಲ್ಲಿರುವುದು. ಟಿಟಿಕಾಕಾ ಸರೋವರವು ಸುಮಾರು 12,500 ಅಡಿ. ಅಲ್ಲಿ ವಾಯು ವಿರಳವಾದುದರಿಂದ ಹೊಸಬರಿಗೆ ತಲೆನೋವು, ಏದುಸಿರು ಬರುವುದು ಸಹಜ. ಮೊದಲ ಎರಡು ದಿನ ವಿಶ್ರಾಂತಿಯಿಂದಿರುವುದು ಲೇಸು. ಅಲ್ಲಿಯ ಜನ ಇದಕ್ಕೆ ಕೋಕಾ ಎಲೆಯ ಕಷಾಯವನ್ನು ಕೊಡುವರು. ಆದರೆ ಆ ಎಲೆಯನ್ನು ಊರಿಗೆ ತರಬಾರದು, ನಮ್ಮ ಕಾನೂನಿನಲ್ಲಿ ಅದು ನಿಷಿದ್ಧ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮಳೆಯಿಲ್ಲದ ಕಾಲವಾದುದರಿಂದ ಸಂಚಾರಕ್ಕೆ ಅನುಕೂಲ. ಶಾಕಾಹಾರಿಗಳು ಉಪವಾಸ ಬೀಳಬೇಕಾಗಿಲ್ಲ. ಮುಸುಕಿನ ಜೋಳ, ಕಿನೋವಾ ಧಾನ್ಯ, ಅವರೆಯ ಜಾತಿಯ ಕಾಳುಗಳು, ಎಲ್ಲಕ್ಕೂ ಮೇಲಾಗಿ ಸಾವಿರಾರು ಬಗೆಯ ಆಲೂಗಡ್ಡೆಗಳು ದೊರೆಯುವುವು.

ಆ ಗಡ್ಡೆಯನ್ನು ಕಾಪಾಡುವ ಕ್ರಮವನ್ನು ನಮ್ಮ ಗೃಹಿಣಿಯರು ಕೇಳಬೇಕು. ಚಳಿಗಾಲದ ರಾತ್ರಿಯಲ್ಲಿ ಗಡ್ಡೆಗಳನ್ನು ಬಯಲಿನಲ್ಲಿ ಹರಡಿ ಹಿಮಕ್ಕೊಡ್ಡುವರು; ಹಗಲು ಬಿಸಿಲಿಗೆ ಬಿಟ್ಟು, ಕಾಲಿನಿಂದ ತುಳಿದು ನೀರನ್ನು ಹಿಂಡುವರು. ಹಲವು ದಿನ ಹೀಗೆ ಮಾಡಲು ಗಡ್ಡೆಯು ಒಣಗಿ ಹಗುರಾಗುವುದು. ‘ಚುನ್ಯೋ’ ಎಂಬ ಇದು ವರ್ಷಗಟ್ಟಲೆ ಕೆಡದು. ನಮ್ಮವರು ಬೇಸಗೆಯ ಬಿಸಿಲನ್ನು ನಂಬಿ ಸಂಡಿಗೆಯಿಟ್ಟಂತೆ ಅವರು ಹಿಮವನ್ನು ನಂಬಿ ಕ್ಷಾಮವನ್ನು ಗೆದ್ದರು.

ಕುಸ್ಕೋವಿನಲ್ಲಿ ಗಾರೆಯಿಲ್ಲದೆ ಜೋಡಿಸಿದ ಕಲ್ಲುಗೋಡೆಗಳನ್ನು ನೋಡಬೇಕು. 1950ರ ಭೂಕಂಪದಲ್ಲಿ, ಇಂಕಾ ಸೂರ್ಯದೇವಾಲಯದ ಮೇಲೆ ಸ್ಪೇನಿನವರು ಕಟ್ಟಿದ್ದ ಮಠವು ಬಹುವಾಗಿ ಜಖಂಗೊಂಡಿತು. ಕೆಳಗಣ ಹಳೆಯ ಗೋಡೆಗಳು ನಿಂತುವು. 1911ರಲ್ಲಿ ಹೈರಾಮ್ ಬಿಂಗ್‌ಹ್ಯಾಮ್ ಎಂಬವನು ಲೋಕಕ್ಕೆ ಪ್ರಚುರಪಡಿಸಿದ ಮಾಚು ಪಿಚುವೂ ಈ ಸೀಮೆಯದೇ. ಅಲ್ಲಿಗೆ ದಿನಕ್ಕೆ ಇಷ್ಟೇ ಜನರೆಂಬ ಮಿತಿಯಿರುವುದರಿಂದ ಚೀಟಿಯನ್ನು ಬಹು ಮುಂಚೆಯೇ ಪಡೆಯತಕ್ಕದ್ದು. ಜೂನ್ 24ರಂದು ಕುಸ್ಕೋವಿನಲ್ಲಿ ಸೂರ್ಯೋತ್ಸವ ನಡೆಯುವುದು. ನಮ್ಮಿಂದ ಸೂರ್ಯನು ದಕ್ಷಿಣಕ್ಕೆ ತಿರುಗುವ ಕಾಲವೇ ಅವರಿಗೆ ಅವನು ಮರಳಿ ಬರುವ ಪುಣ್ಯಕಾಲ. ಸ್ಪೇನಿನ ಆಳ್ವಿಕೆಯಲ್ಲಿ ನಿಂತುಹೋಗಿದ್ದ ಈ ಉತ್ಸವವನ್ನು 1944ರಲ್ಲಿ ಪುನಃ ಆರಂಭಿಸಿದರು.

ಪರ್ವತಗಳಾಚೆ ಅಮೆಜಾನಿನ ಮಹಾರಣ್ಯ. ದೇಶದ ಅರ್ಧಕ್ಕಿಂತ ಹೆಚ್ಚು ಭಾಗ ಇದೇ. ಇಲ್ಲಿಯ ಇಕೀಟೋಸ್ ಪಟ್ಟಣಕ್ಕೆ ದೇಶದ ಇತರ ನಗರಗಳಿಂದ ರಸ್ತೆಯೇ ಇಲ್ಲ. ದೋಣಿಯಿಂದ ಇಲ್ಲವೆ ವಿಮಾನದಿಂದ ಹೋಗಬೇಕು.

ಇನ್ನು ನಮ್ಮ ತಪ್ಪಿನ ಮಾತು. “ಇಂಕಾ ಜನರಿಗೆ ಲಿಪಿಯಿರಲಿಲ್ಲ, ಆದಕಾರಣ ಶಾಸ್ತ್ರವೂ ಇರಲಿಲ್ಲ” ಎಂದು ನಾವು ವರ್ಷವರ್ಷವೂ ಹೇಳಿದೆವು. ಮೊದಲನೆಯ ಮಾತು ಒಪ್ಪತಕ್ಕದ್ದೇ. ಎರಡನೆಯದು ನಮ್ಮ ಅಜ್ಞಾನ. ಅವರು ‘ಕೀಪು’ ಎಂಬ ದಾರಗಳ ಗೊಂಚಲಿನಲ್ಲಿ ಗಂಟುಗಳನ್ನು ಹಾಕಿ ಲೆಕ್ಕವಿಡುತ್ತಿದ್ದರು. ಮೇಲೆ ಸಾವಿರ, ಅದರ ಕೆಳಗೆ ನೂರು, ಆಮೇಲೆ ಹತ್ತು, ತುದಿಯಲ್ಲಿ ಬಿಡಿ. ಗಂಟಿಲ್ಲದ ಸ್ಥಾನವೇ ಸೊನ್ನೆ. ಸ್ಥಾನಮೌಲ್ಯವು ನಮ್ಮ ಪೂರ್ವಿಕರ ಹೆಮ್ಮೆಯೆಂದು ಹಲಗೆಯ ಮೇಲೆ ಬರೆಯುತ್ತಿದ್ದ ನಾವು, ಸಾಗರದಾಚೆ ಅದನ್ನೇ ದಾರದಲ್ಲಿ ಕಟ್ಟಿದವರನ್ನು ಅಶಾಸ್ತ್ರಜ್ಞರೆಂದೆವು.

ಅವರ ಕೆಚುವಾ ಭಾಷೆಯನ್ನೂ ನೋಡಿರಿ. ‘ವಾಸಿ’ ಎಂದರೆ ಮನೆ. ‘ವಾಸಿಕುನ’ ಎಂದರೆ ಮನೆಗಳು. ‘ವಾಸಿಕುನಪಿ’ ಎಂದರೆ ಮನೆಗಳಲ್ಲಿ. ಕನ್ನಡಕ್ಕೂ ಅದಕ್ಕೂ ಬಾಂಧವ್ಯವಿಲ್ಲವಾದರೂ ಪ್ರತ್ಯಯಗಳು ಸೇರುವ ಕ್ರಮ ಒಂದೇ! 1780ರಲ್ಲಿ ಎರಡನೆಯ ತುಪಾಕ್ ಅಮಾರು ಎಂಬವನು ಎಬ್ಬಿಸಿದ ದಂಗೆಯನ್ನಡಗಿಸಿದ ಮೇಲೆ ಸ್ಪೇನಿನ ಅಧಿಕಾರಿಗಳು ಈ ಭಾಷೆಯನ್ನೇ ಅಡಗಿಸಲೆತ್ನಿಸಿದರು. ದೇಶವು 1821ರಲ್ಲಿ ಸ್ವಾತಂತ್ರ್ಯವನ್ನು ಸಾರಿದರೂ ಕೆಚುವಾ ಅಧಿಕೃತ ಭಾಷೆಯಾದುದು 1975ರಲ್ಲಿ. ಅಷ್ಟು ಕಾಲ ಅದನ್ನು ಕಾಪಾಡಿದುದು ಅಡಿಗೆಮನೆ, ತೊಟ್ಟಿಲು, ಹೊಲಗಳೇ.

ಅಪುರಿಮಾಕ್ ನದಿಯ ಮೇಲೆ ಬರಿಯ ಹುಲ್ಲಿನ ಹಗ್ಗದಿಂದ ಹೊಸೆದ ಕೆಸ್ವಾಚಾಕಾ ಎಂಬ ತೂಗುಸೇತುವೆಯಿದೆ. ಸುತ್ತಲ ಹಳ್ಳಿಗರು ಪ್ರತಿ ಜೂನಿನಲ್ಲಿಯೂ ಹಳೆಯದನ್ನು ಕಳಚಿ ಹೊಸದನ್ನು ಕಟ್ಟುವರು. ಮಹಾಮಾರಿಯ ಕಾಲದಲ್ಲಿ ಈ ಕೆಲಸ ತಪ್ಪಿಹೋಗಲು 2021ರ ಮಾರ್ಚಿಯಲ್ಲಿ ಸೇತುವೆಯು ಕುಸಿದುಬಿದ್ದಿತು. ಅದೇ ಜೂನಿನಲ್ಲಿ ಅವರೇ ಮತ್ತೆ ಕಟ್ಟಿದರು. ಕಲಿತ ವಿದ್ಯೆಯೂ ಹೀಗೆಯೇ. ವರ್ಷವರ್ಷವೂ ಬಿಚ್ಚಿ ನೋಡಿ ಹೊಸೆಯದಿದ್ದರೆ ಜೀರ್ಣವಾಗುವುದು.

ತಮ್ಮನ ಮಗನಿಗೆ ಇಷ್ಟನ್ನೂ ಬರೆದುಕೊಟ್ಟೆವು. ನಮ್ಮ ಹಳೆಯ ಶಿಷ್ಯರಲ್ಲಿ ಅನೇಕರು ಇಂದು ಗೃಹಸ್ಥರಾಗಿ ಈ ಪತ್ರಿಕೆಯನ್ನು ಓದುತ್ತಿರಬಹುದು. ಅಂದು ನಾವು ಹೇಳಿದ ಆ ಒಂದು ವಾಕ್ಯವನ್ನು ಅವರು ಹೊಡೆದುಹಾಕಿ, ತಮ್ಮ ಮಕ್ಕಳಿಗೆ ಈ ಗಂಟುಗಳ ಲೆಕ್ಕವನ್ನು ಹೇಳಿಕೊಡಬೇಕೆಂದು ಪ್ರಾರ್ಥಿಸುವೆವು.