ನೋವಿನ ಪಟ್ಟಿಗೆ ಶಾಖ ಬೇಡ!

ಜಾವಗಲ್ ಕಡೆ ಮೈಕೈ ನೋವೆಂದರೆ ಮೊದಲು ನೆನಪಾಗುವುದೇ ಶಾಖ. ಬಿಸಿನೀರಿನ ಚೀಲ, ಇಲ್ಲವೇ ಹೆಂಚಿನ ಮೇಲೆ ಕಾಯಿಸಿದ ಬಟ್ಟೆ. ಆದರೆ ಕ್ಯಾನ್ಸರ್ ಆದ ನಿಮ್ಮ ಅತ್ತೆಗೋ ಅಮ್ಮನಿಗೋ ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಯಲ್ಲಿ ‘ಫೆಂಟನಿಲ್’ ಪಟ್ಟಿ ಬರೆದುಕೊಟ್ಟಿದ್ದರೆ, ಅದೇ ಶಾಖ ಪ್ರಾಣಕ್ಕೆ ಕುತ್ತು ತಂದೀತು!

ನೋಡಲು ಗಾಯದ ಪ್ಲಾಸ್ಟರ್‌ನಂತಿದ್ದರೂ ಒಳಗಿರುವುದು ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ಪ್ರಬಲವಾದ ಔಷಧಿ. ಬೆಲ್ಜಿಯಂನ ಪಾಲ್ ಜಾನ್ಸೆನ್ 1960ರಲ್ಲಿ ತಯಾರಿಸಿದ್ದು. ಆಪರೇಷನ್‌ಗಳಲ್ಲೂ ಬಳಕೆಯಲ್ಲಿದೆ. ಮಾತ್ರೆ ನುಂಗಲಾಗದ ಕ್ಯಾನ್ಸರ್ ರೋಗಿಗಂತೂ ಇದು ವರವೇ ಸರಿ. ‘ಅಭ್ಯಾಸ ಆಗ್ಬಿಡುತ್ತೆ’ ಎಂದು ಹೆದರಿ ಅವರನ್ನು ನರಳಿಸಬೇಡಿ.

ಒಂದು ಪಟ್ಟಿ ಸಾಮಾನ್ಯವಾಗಿ 72 ಗಂಟೆಗೆ. ಪೂರ್ತಿ ಕೆಲಸ ಮಾಡಲು 12ರಿಂದ 24 ಗಂಟೆ ಬೇಕು. ‘ನೋವು ಹೋಗ್ಲೇ ಇಲ್ಲ ಕಣೇ’ ಅಂದರೆಂದು ಇನ್ನೊಂದು ಅಂಟಿಸಬೇಡಿ. ಅಲ್ಲಿಯತನಕ ಏನು ಕೊಡಬೇಕೆಂದು ವೈದ್ಯರನ್ನೇ ಕೇಳಿಟ್ಟುಕೊಳ್ಳಿ. ಪಟ್ಟಿಯನ್ನು ಕತ್ತರಿಸುವುದೂ ತಪ್ಪು.

ಬಿಸಿ ತಾಗಿದರೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಮೂರು ದಿನ ನಿಧಾನವಾಗಿ ಇಳಿಯಬೇಕಾದ ಔಷಧಿ ಬೇಗ ಬೇಗ ರಕ್ತಕ್ಕೆ ಸೇರಿ ಉಸಿರಾಟ ಕುಂದುತ್ತದೆ. ಹಂಡೆ ಒಲೆ ಮುಂದೆ ಕೂರಿಸಿ ಚಳಿ ಕಾಯಿಸುವುದೂ ಬೇಡ. ಜ್ವರ ಬಂದರೂ ಇದೇ ಅಪಾಯ, ವೈದ್ಯರಿಗೆ ತಿಳಿಸಿ. ನಿದ್ದೆಮಾತ್ರೆ, ಹೆಂಡ ಜೊತೆಗೂಡಿದರಂತೂ ಕೇಳುವುದೇ ಬೇಡ.

ಎಬ್ಬಿಸಿದರೂ ಏಳದ ನಿದ್ದೆ, ತೀರಾ ನಿಧಾನವಾದ ಉಸಿರು, ಸೂಜಿಮೊನೆಯಷ್ಟಾದ ಕಣ್ಣಪಾಪೆ ಕಂಡರೆ ಪಟ್ಟಿ ಕಿತ್ತು 108ಕ್ಕೆ ಫೋನ್ ಮಾಡಿ. ಔಷಧಿಯ ಕವರನ್ನು ಜೊತೆಗೇ ಒಯ್ಯಿರಿ. ನಲೋಕ್ಸೋನ್ ಎಂಬ ಪ್ರತಿಮದ್ದಿದೆ. ಸ್ವಲ್ಪ ಎಚ್ಚರವಾದರೆಂದು ಮನೆಯಲ್ಲೇ ಉಳಿಯಬೇಡಿ. ಪಟ್ಟಿ ಕಿತ್ತ ಮೇಲೂ ಚರ್ಮದಲ್ಲಿ ಉಳಿದ ಔಷಧಿ ಗಂಟೆಗಟ್ಟಲೆ ರಕ್ತಕ್ಕೆ ಇಳಿಯುತ್ತಿರುತ್ತದೆ.

ಬಳಸಿದ ಪಟ್ಟಿಯಲ್ಲೂ ಔಷಧಿ ಇರುತ್ತದೆ. ಅಮೆರಿಕದಲ್ಲಿ ಇಂಥದ್ದನ್ನು ಬಾಯಿಗಿಟ್ಟುಕೊಂಡೋ ಮೈಗೆ ಅಂಟಿಸಿಕೊಂಡೋ ಮಕ್ಕಳು ಸತ್ತಿದ್ದಾರೆ. ಅಂಟಿನ ಭಾಗ ಒಳಗಾಗುವಂತೆ ಮಡಚಿಡಿ. ಆಸ್ಪತ್ರೆಗೆ ವಾಪಸ್ ಕೊಡಬೇಕೋ, ಪಾಯಿಖಾನೆಗೆ ಹಾಕಬೇಕೋ ಕೇಳಿಕೊಳ್ಳಿ. ಉಳಿದದ್ದನ್ನು ಪಕ್ಕದ ಮನೆಯವರ ಮಂಡಿನೋವಿಗೆ ಕೊಡುವ ಔದಾರ್ಯ ಖಂಡಿತ ಬೇಡ (ನಮ್ಮ ಹೆಂಗಸರಿಗೆ ಈ ಔದಾರ್ಯ ಸ್ವಲ್ಪ ಜಾಸ್ತಿಯೇ!). ಅಭ್ಯಾಸವಿಲ್ಲದ ದೇಹದಲ್ಲಿ ಒಂದೇ ಪಟ್ಟಿ ಉಸಿರು ನಿಲ್ಲಿಸಬಹುದು.

ಮಲಬದ್ಧತೆ ಸಾಮಾನ್ಯ. ಅದಕ್ಕೆ ಮೊದಲ ದಿನವೇ ಔಷಧಿ ಕೇಳಿ.

ಇದು ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವಂಥದ್ದಲ್ಲ. ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ದಾಸ್ತಾನಿಡಲು 2014ರ ಕಾನೂನು ತಿದ್ದುಪಡಿ ದಾರಿ ಸುಲಭ ಮಾಡಿತು, ಅಷ್ಟೆ. ಹಠಾತ್ತನೆ ನಿಲ್ಲಿಸಿದರೆ ನೋವಿನ ಜೊತೆ ಬೆವರು, ನಡುಕ, ಭೇದಿಯೂ ಶುರುವಾಗುತ್ತದೆ. ಹಚ್ಚಿದ ದಿನ, ಹೊತ್ತು ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡು ಪಟ್ಟಿ ಉಳಿದಿರುವಾಗಲೇ ಅರಸೀಕೆರೆಗೆ ಹೋಗಿ ಬೆಂಗಳೂರು ರೈಲು ಹತ್ತಿ.