ಊರಲ್ಲಿ ಬಿಟ್ಟ ಕಾರು ಸ್ಟಾರ್ಟ್ ಆಗ್ತಿಲ್ವಾ? ಮೊದಲು ಸದ್ದು ಕೇಳಿ

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ ಅಂದ ಕೂಡಲೇ ಎಲ್ಲರಿಗೂ ದೇವೇಗೌಡರ ನೆನಪಾಗುತ್ತೆ. ಈ ಬರಹಕ್ಕೂ ರಾಜಕೀಯಕ್ಕೂ ಸಂಬಂಧ ಇಲ್ಲ. ಹರದನಹಳ್ಳಿಯಂಥ ಊರುಗಳಲ್ಲಿ ಮನೆ ಮುಂದೆ ಕವರ್ ಹೊದ್ದು ನಿಂತಿರೋ ಕಾರುಗಳ ವಿಷಯ ಇದು. ಮಕ್ಕಳು ಬೆಂಗಳೂರಲ್ಲಿ. ಅಲ್ಲಿ ಪಾರ್ಕಿಂಗ್ ಇಲ್ಲ, ಆಫೀಸಿಗೆ ಮೆಟ್ರೋ ಇದೆ. ‘ಕಾರು ಊರಲ್ಲೇ ಇರಲಿ, ಅಪ್ಪ ಅಮ್ಮಂಗೆ ಹೊತ್ತಿಗೆ ಆಗುತ್ತೆ’ ಅಂತ ಬಿಟ್ಟು ಬಂದಿರ್ತಾರೆ. ಹೊತ್ತಿಗೆ ಬೇಕಾದ ರಾತ್ರಿಯೇ ಅದು ಕೈಕೊಡುತ್ತೆ.

‘ಏನ್ ಮಾಡುದ್ರೂ ಸ್ಟಾರ್ಟ್ ಆಗ್ತಿಲ್ಲ ಕಣಪ್ಪ’ ಅಂತ ಫೋನ್ ಬಂದಾಗ ನಮ್ಮ ಬಾಯಿಂದ ಬರೋ ಮೊದಲ ಮಾತು, ‘ಇನ್ನೊಂದ್ಸಲ ನೋಡಿ’. ಅದನ್ನ ಹೇಳಬೇಡಿ. ಯಾರಿಗಾದ್ರೂ ಹುಷಾರಿಲ್ಲದೆ ಕಾರು ತೆಗೀತಿದ್ರೆ ಕಾರು ಅಲ್ಲೇ ಬಿಟ್ಟು 108ಕ್ಕೆ ಫೋನ್ ಮಾಡೋಕೆ ಹೇಳಿ. ಆತುರ ಇಲ್ಲ ಅಂದ್ರೆ ಕೇಳಬೇಕಾದ ಪ್ರಶ್ನೆ ಒಂದೇ: ‘ಅಪ್ಪಾ, ಕೀ ತಿರುಗಿಸಿದಾಗ ಏನ್ ಸದ್ದು ಬರ್ತಿದೆ?’ ಸೆಲ್ಫ್ ಮೋಟಾರು ಒಂದು ಸಲ ತಿರುಗೋಕೆ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತೆ. ಸುಮ್ಮನೆ ಕೀ ತಿರುಗಿಸ್ತಾ ಇದ್ರೆ ಉಳಿದಿರೋ ಚೂರು ಚಾರ್ಜೂ ಹೋಗುತ್ತೆ.

‘ಕಟಕಟಕಟ’ ಅಂತ ಬೇಗ ಬೇಗ ಸದ್ದು ಬಂದು, ಡ್ಯಾಶ್‌ಬೋರ್ಡ್ ಲೈಟು ಮಂಕಾದ್ರೆ ಬ್ಯಾಟರಿ ಇಳಿದಿದೆ ಅಂತ ಅರ್ಥ. ನಿಂತ ಕಾರಲ್ಲಿ ಹೆಚ್ಚಾಗಿ ಆಗೋದು ಇದೇ. ಸದ್ದೂ ಇಲ್ಲ, ಲೈಟೂ ಇಲ್ಲ ಅಂದ್ರೆ ಬ್ಯಾಟರಿ ಪೂರ್ತಿ ಖಾಲಿ, ಇಲ್ಲವೇ ಟರ್ಮಿನಲ್ ಸಡಿಲ. ಲೈಟು ಚೆನ್ನಾಗಿ ಉರೀತಿದ್ದು ಒಂದೇ ಸಲ ‘ಟಕ್’ ಅಂದು ಸುಮ್ಮನಾದ್ರೆ ಟರ್ಮಿನಲ್ ಅಥವಾ ಸೆಲ್ಫ್ ಮೋಟಾರಿನ ಮೇಲೆ ಅನುಮಾನ ಪಡಬೇಕು. ಎಂಜಿನ್ ಚೆನ್ನಾಗಿ ತಿರುಗ್ತಿದೆ, ಆದರೆ ಹಿಡೀತಿಲ್ಲ ಅಂದ್ರೆ ಬ್ಯಾಟರಿಯನ್ನ ಬೈಯಬೇಡಿ. ಅದು ಪೆಟ್ರೋಲು, ಸ್ಪಾರ್ಕು ಅಥವಾ ಇಲಿಯ ಕೆಲಸ. ಪುಷ್ ಬಟನ್ ಕಾರಾಗಿದ್ದು ಕೀ ಗುರುತು ಮಿಣುಕ್ತಿದ್ರೆ, ಕೀ ಒಳಗಿನ ಬಿಲ್ಲೆ ಸೆಲ್ ಮುಗಿದಿರಬಹುದು. ಕೀಯನ್ನೇ ಬಟನ್‌ಗೆ ತಾಗಿಸಿ ಒತ್ತಿದ್ರೆ ಎಷ್ಟೋ ಕಾರು ಸ್ಟಾರ್ಟ್ ಆಗುತ್ತೆ.

‘ಓಡಿಸದೇ ಇದ್ರೆ ಚಾರ್ಜ್ ಎಲ್ಲಿಗೆ ಹೋಗುತ್ತೆ?’ ಅಂತ ಹಿರಿಯರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಗಡಿಯಾರ, ಅಲಾರಂ, ಲಾಕು, ಕಂಪ್ಯೂಟರು ಎಲ್ಲಾ ಸೇರಿ ನಿಂತ ಕಾರೂ ಸ್ವಲ್ಪ ಸ್ವಲ್ಪ ಕರೆಂಟು ಕುಡೀತಾ ಇರುತ್ತೆ. 50 ಮಿಲಿ ಆಂಪಿಯರ್ ಅಂತಲೇ ಇಟ್ಕೊಳ್ಳಿ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ 700 ಗಂಟೆಗೆ, ಅಂದ್ರೆ 29 ದಿನಕ್ಕೆ ಬರಿದು. ಸ್ಟಾರ್ಟ್ ಮಾಡೋ ಶಕ್ತಿ ಅದಕ್ಕಿಂತ ಬಹಳ ಮುಂಚೆಯೇ ಹೋಗಿರುತ್ತೆ. 2020ರ ಮಾರ್ಚ್ 25ಕ್ಕೆ ಶುರುವಾದ ಲಾಕ್‌ಡೌನ್ ಮುಗಿದ ಮೇಲೆ ಎಷ್ಟೋ ಮನೆಗಳಲ್ಲಿ ಈ ಲೆಕ್ಕ ಅನುಭವಕ್ಕೆ ಬಂತು.

ಹಳ್ಳಿಯಲ್ಲಿ ಒಂದು ಅನುಕೂಲ ಇದೆ. ಪಕ್ಕದ ಮನೆಯಲ್ಲಿ ಇನ್ನೊಂದು ಕಾರು ಇಲ್ಲದಿದ್ರೂ ಟ್ರಾಕ್ಟರ್ ಇರುತ್ತೆ, ಅದರದ್ದೂ 12 ವೋಲ್ಟ್ ಬ್ಯಾಟರಿಯೇ. ಲಾರಿ, ಬಸ್ಸುಗಳದ್ದು ಹೆಚ್ಚಾಗಿ 24 ವೋಲ್ಟ್. ಅದರ ಹತ್ತಿರ ಹೋಗಬೇಡಿ, ಕಾರಿನ ಎಲೆಕ್ಟ್ರಾನಿಕ್ಸ್ ಸುಟ್ಟು ಹೋಗಬಹುದು. ಟ್ರಾಕ್ಟರ್ ಎಂಜಿನ್ ಆಫ್ ಇರಲಿ, ಗಾಡಿಗಳು ಒಂದಕ್ಕೊಂದು ತಾಗದಿರಲಿ. ಕೆಂಪು ಕೇಬಲ್ಲಿನ ಒಂದು ತುದಿ ಕಾರಿನ ಪ್ಲಸ್‌ಗೆ, ಇನ್ನೊಂದು ಟ್ರಾಕ್ಟರಿನ ಪ್ಲಸ್‌ಗೆ. ಆಮೇಲೆ ಕಪ್ಪು ಕೇಬಲ್ ಟ್ರಾಕ್ಟರಿನ ಮೈನಸ್‌ಗೆ. ಅದರ ಉಳಿದ ತುದಿಯನ್ನ ಕಾರಿನ ಬ್ಯಾಟರಿಗೆ ಹಾಕಬಾರದು. ಬ್ಯಾಟರಿಯಿಂದ ದೂರ, ಎಂಜಿನ್ನಿನ ಬಣ್ಣವಿಲ್ಲದ ಗಟ್ಟಿ ಲೋಹದ ಭಾಗಕ್ಕೆ ಕಚ್ಚಿಸಬೇಕು. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತೆ, ಕಿಡಿ ಬಿದ್ರೆ ಸಿಡಿಯಬಹುದು. ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ. ಬಿಚ್ಚುವಾಗ ಇದೇ ಕ್ರಮ ಉಲ್ಟಾ. ಬ್ಯಾಟರಿ ಊದಿಕೊಂಡಿದ್ರೆ, ಸೋರ್ತಿದ್ರೆ ಈ ಸಾಹಸವೇ ಬೇಡ, ಮೆಕ್ಯಾನಿಕ್‌ನ ಕರೀರಿ.

‘ನಾಲ್ಕು ಜನ ಸೇರಿ ತಳ್ಳಿದ್ರಾಯ್ತು ಬಿಡು’ ಅನ್ನೋರು ಪ್ರತಿ ಊರಲ್ಲೂ ಇರ್ತಾರೆ. ಗೇರ್ ಹಾಕೋ ಮ್ಯಾನ್ಯುಯಲ್ ಕಾರಿನಲ್ಲಿ ಮಾತ್ರ ಅದು ನಡೆಯೋದು, ಅದೂ ಬ್ಯಾಟರಿಯಲ್ಲಿ ಸ್ವಲ್ಪ ಜೀವ ಇದ್ರೆ. ಆಟೋಮ್ಯಾಟಿಕ್ ಕಾರನ್ನ ತಳ್ಳಿದ್ರೆ ಬೆವರು ಬರುತ್ತೆ ಅಷ್ಟೇ.

ಇನ್ನು ಇಲಿ. ಭತ್ತ, ಹುಲ್ಲು, ಕೊಬ್ಬರಿ ಇರೋ ಮನೆಯಲ್ಲಿ ಇಲಿ ಇಲ್ಲದೇ ಇರುತ್ತಾ? ಬಾನೆಟ್ ಎತ್ತಿದಾಗ ಹುಲ್ಲಿನ ಚೂರು, ಹಿಕ್ಕೆ, ಕಡಿದ ವೈರು ಕಂಡ್ರೆ ಮತ್ತೆ ಕೀ ತಿರುಗಿಸಬೇಡಿ, ಶಾರ್ಟ್ ಆಗಬಹುದು. ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೀತಾರೆ. ಒಣ ಹೊಗೆಸೊಪ್ಪನ್ನ ಬಟ್ಟೆಯಲ್ಲಿ ಕಟ್ಟಿ ಬಾನೆಟ್ ಒಳಗಿಡೋ ಉಪಾಯ ಬಹಳ ಜನ ಹೇಳ್ತಾರೆ. ಘಾಟು ಇರೋವರೆಗೆ ಪ್ರಯೋಜನ ಆದೀತು. ಆದರೆ ಸ್ಟಾರ್ಟ್ ಮಾಡೋ ಮುಂಚೆ ತೆಗೀರಿ, ಬಿಸಿ ಸೈಲೆನ್ಸರ್ ಪೈಪಿಗೆ ತಾಗಿದ್ರೆ ಬೆಂಕಿ. ನನ್ನ ಕೇಳಿದ್ರೆ ಕಾರನ್ನ ಹುಲ್ಲಿನ ಮೆದೆಯಿಂದ ದೂರ ನಿಲ್ಲಿಸೋದೇ ವಾಸಿ.

ಮುಂದಿನ ಸಲ ಊರಿಗೆ ಹೋದಾಗ ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಒಂದು ತಗೊಂಡು ಹೋಗಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದ್ರೆ ತುಂಬಿದೆ, 12.2 ಅಂದ್ರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಇಳಿದ್ರೆ ಹೆಚ್ಚುಕಮ್ಮಿ ಖಾಲಿ. ಚೆನ್ನಾಗಿ ಓಡಿಸಿ ನಿಲ್ಲಿಸಿದರೂ ಮಾರನೇ ದಿನಕ್ಕೆ ಇಳಿದು ಹೋಗ್ತಿದ್ರೆ, ಅದಕ್ಕೆ ನಾಲ್ಕು ವರ್ಷವೂ ಆಗಿದ್ರೆ, ಹೊಸ ಬ್ಯಾಟರಿ ಹಾಕಿಸಿ.

ಮನೆ ಮುಂದೆ ಐದು ನಿಮಿಷ ಎಂಜಿನ್ ಆನ್ ಮಾಡಿ ಆಫ್ ಮಾಡೋದರಿಂದ ಚಾರ್ಜ್ ತುಂಬಲ್ಲ. ಮುಚ್ಚಿದ ಶೆಡ್ಡಿನಲ್ಲಂತೂ ಆ ಹೊಗೆ ಪ್ರಾಣಕ್ಕೇ ಅಪಾಯ. ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆ ಮೇಲೆ ಓಡಲಿ. ಓಡಿಸೋರು ಯಾರೂ ಇಲ್ವಾ? ಹಾಗಾದ್ರೆ ಹೊರಡುವಾಗ 10ನೇ ನಂಬರ್ ಸ್ಪ್ಯಾನರ್‌ನಲ್ಲಿ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿಡಿ. ಹ್ಯಾಂಡ್‌ಬ್ರೇಕ್ ಎಳೀಬೇಡಿ, ತಿಂಗಳುಗಟ್ಟಲೆ ನಿಂತ್ರೆ ಹಿಡಿದುಕೊಳ್ಳುತ್ತೆ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಆ ಸ್ಪ್ಯಾನರ್ ಎಲ್ಲಿದೆ ಅಂತ ಅಮ್ಮಂಗೂ ತೋರಿಸಿ, ಪಕ್ಕದ ಮನೆಯಲ್ಲಿ ಲೈಸೆನ್ಸ್ ಇರೋ ಹುಡುಗನ ನಂಬರನ್ನ ಅವರ ಫೋನಿನಲ್ಲಿ ಹಾಕಿಟ್ಟು ಬನ್ನಿ.